ಖಾಲಿ ಬಿಟ್ಟ ಐದು ಚೌಕ

ಸೋಮವಾರ ಬಂತೆಂದರೆ ಮಾಳಿಂಗರಾಯನಿಗೆ ತಾಟಿನಲ್ಲಿ ರೊಟ್ಟಿ ಬೀಳುವ ಮೊದಲು ಕಿವಿಗೆ ಒಂದು ಸಂಖ್ಯೆ ಬೀಳಬೇಕಿತ್ತು.

“ಎಷ್ಟಕ್ಕ ಬಂತು?” ಎನ್ನುತ್ತ ಗೋಡೆಗೆ ಬೆನ್ನು ಕೊಟ್ಟು ಕೂತುಕೊಳ್ಳುತ್ತಿದ್ದ. ಅವನ ಹೆಂಡತಿ ಪೂನಮ್ ರೊಟ್ಟಿ ಬಡಿಯುತ್ತಲೇ ಉತ್ತರ ಕೊಡುತ್ತಿದ್ದಳು. ಆ ಸಂಖ್ಯೆ ಕಂಡುಹಿಡಿಯಲು ಅವಳು ನಸುಕಿನಲ್ಲೇ ಎದ್ದು, ಜೋಳದ ಚೀಲದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ನೆಟ್ ಸಿಗುವ ಕಿಟಕಿಯ ಬದಿಗೆ ಅರ್ಧ ತಾಸು ಕೂತಿರುತ್ತಿದ್ದಳು. ಅಷ್ಟು ಹೊತ್ತು ಅಂಗಳದಲ್ಲಿ ನೆಗೆಣ್ಣಿ ರೇಷ್ಮಾಳ ಕಸಬರಿಗೆ ಬೇಕಿದ್ದಕ್ಕಿಂತ ಜೋರಾಗಿಯೇ ಸಪ್ಪಳ ಮಾಡುತ್ತಿತ್ತು.

ಮೊಬೈಲಿಗೆ ಅಗ್ಗದ ನೆಟ್ ಬಂದ ಮರುವರ್ಷ ಅದು. ಜಮಖಂಡಿಯ ಹೊರಗಿನ ಪುನರ್ವಸತಿ ಕೇಂದ್ರದಲ್ಲಿ ಮಾಳಿಂಗರಾಯನ ತಂದೆ ಗಿರಮಲ್ಲಪ್ಪನ ಮನೆ. ಬೀಳಗಿ ಕಡೆಯ ಹಳೆಯ ಊರು ಅಣೆಕಟ್ಟಿನ ಹಿನ್ನೀರಿಗೆ ಹೋದಾಗ ಅವನು ಎರಡು ಮಗ್ಗ, ಇಬ್ಬರು ಗಂಡುಮಕ್ಕಳು ಮತ್ತು ಕುರಿಹಿಂಡಿನೊಂದಿಗೆ ಇಲ್ಲಿಗೆ ಬಂದಿದ್ದ. ಕಿರಿಯ ಮಗ ಯಲ್ಲಾಲಿಂಗ, ಅಂದರೆ ರೇಷ್ಮಾಳ ಗಂಡ, ಕುರಿಗಳ ಹಿಂದೆ ತಿಂಗಳುಗಟ್ಟಲೆ ಹೋಗುತ್ತಿದ್ದ. ಅವನು ತಂದ ಉಣ್ಣೆಯನ್ನು ಅತ್ತೆ ಸಿದ್ದಕ್ಕ ಮತ್ತು ರೇಷ್ಮಾ ನೂಲುತ್ತಿದ್ದರು, ಮಾವ ನೇಯುತ್ತಿದ್ದ. ನೇಯ್ದ ಕಂಬಳಿಗೆ ಹುಣಸೆಬೀಜದ ಗಂಜಿ ಕುಡಿಸಿ ಒಣಗಿಸಿದ ಮೇಲೆ, ಗಂಟು ಕಟ್ಟಿ ಹೆಗಲ ಮೇಲೆ ಹೊತ್ತು ಮುಧೋಳ, ಬೀಳಗಿ, ಬನಹಟ್ಟಿ ಸಂತೆ ತಿರುಗುವುದು ಹಿರಿಯ ಮಗ ಮಾಳಿಂಗರಾಯನ ಪಾಲು. ಹದಿನೆಂಟು ವರ್ಷ ಹೊತ್ತು ಅವನ ಬೆನ್ನು ಕೆಟ್ಟಿತ್ತು. ಭಾರ ಎತ್ತಿದರೆ ಆಪರೇಶನ್ನಿಗೆ ಬರಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಅವನು ಎತ್ತುತ್ತಲೇ ಇದ್ದ.

ಬಿ.ಎ. ಮುಗಿಸಿ ಆರು ತಿಂಗಳು ಕಂಪ್ಯೂಟರ್ ಕಲಿತಿದ್ದ ಪೂನಮ್ ಕಂಬಳಿಗಳ ಫೋಟೋ ತೆಗೆದು ಒಂದು ವೆಬ್‌ಸೈಟ್ ಮಾಡಿದ್ದೂ ಆ ಬೆನ್ನಿನ ಸಲುವಾಗಿಯೇ. ಮೊದಲ ವರ್ಷ ವಾರಕ್ಕೊಂದು, ಎರಡು ಆರ್ಡರು ಬಂದವು. ಪುಣೆಯಿಂದ ಬಂತು, ಒಮ್ಮೆ ಸೂರತ್‌ನಿಂದಲೂ ಬಂತು. ಆಗ ಮಾಳಿಂಗರಾಯನ ತಲೆಯಲ್ಲಿ ಒಂದು ವಿಚಾರ ಹೊಕ್ಕಿತು. ಕುರಿ ಮಾರುವುದು, ಜಮಖಂಡಿ ಪೇಟೆಯಲ್ಲಿ ಅಂಗಡಿ ಹಿಡಿಯುವುದು, ಉಣ್ಣೆ ಕೊಳ್ಳುವುದು, ಮಾಲನ್ನು ನೆಟ್ಟಿನಲ್ಲಿ ಮಾರುವುದು, ತಮ್ಮನನ್ನೂ ಅಂಗಡಿಯಲ್ಲೇ ಕೂಡಿಸುವುದು.

ಗಿರಮಲ್ಲಪ್ಪ ಒಮ್ಮೆಲೇ ಬೇಡ ಅನ್ನುವ ಮನುಷ್ಯನಲ್ಲ. ಮೂರು ದಿನ ಮಗ್ಗದ ಮುಂದೆ ಕೂತು ಕೇಳಿಸಿಕೊಂಡ. ನಾಲ್ಕನೆಯ ದಿನ ಊಟದ ಹೊತ್ತಿಗೆ, ನಿನ್ನ ನೆಟ್ಟು ನಮ್ಮನ್ನು ಸಾಕುತ್ತದೆ ಅನ್ನುವುದಕ್ಕೆ ಗುರುತು ಏನು ಎಂದು ಕೇಳಿದ. ಆ ಪ್ರಶ್ನೆಗೆ ಉತ್ತರ ಕೊಟ್ಟವಳು ಪೂನಮ್.

ಜನ ಹುಡುಕುವಾಗ ಬರೆಯುವ ಹನ್ನೆರಡು ಮಾತುಗಳನ್ನು ಅವಳು ಪಟ್ಟಿ ಮಾಡಿಟ್ಟಿದ್ದಳು. ಉಣ್ಣೆ ಕಂಬಳಿ, ಕರಿ ಕಂಬಳಿ, ಪೂಜೆಗೆ ಕಂಬಳಿ, ಬಾಣಂತಿ ಕಂಬಳಿ, ಹೀಗೆ. ಯಾರಾದರೂ ಆ ಮಾತು ಬರೆದು ಹುಡುಕಿದರೆ ಅಂಗಡಿಗಳ ಹೆಸರು ಒಂದರ ಕೆಳಗೊಂದು ಬರುತ್ತವೆ, ಅದರಲ್ಲಿ ನಮ್ಮದು ಎಷ್ಟನೆಯದು ಎಂದು ಪ್ರತಿ ಸೋಮವಾರ ನೋಡಿ ಬರೆದಿಡುತ್ತೇನೆ, ಹನ್ನೆರಡರ ಸರಾಸರಿ ಎಷ್ಟು ಕಡಿಮೆ ಬರುತ್ತದೋ ಅಷ್ಟು ನಾವು ಮೇಲಿದ್ದೇವೆ ಎಂದು ತಿಳಿಸಿ ಹೇಳಿದಳು. ಜೂನ್ ತಿಂಗಳ ಆ ಸೋಮವಾರದ ಸರಾಸರಿ ನಲವತ್ತೊಂದು ಇತ್ತು.

“ಇಪ್ಪತ್ತಕ್ಕ ಬಂದ್ರ?” ಎಂದ ಮಾಳಿಂಗರಾಯ. “ಮಹಾನವಮಿಯೊಳಗ ಇಪ್ಪತ್ತಕ್ಕ ಬಂದ್ರ ಕುರಿ ಮಾರೂಣೇನು?”

ಗಿರಮಲ್ಲಪ್ಪ ಸೊಸೆಯ ಮುಖ ನೋಡಿದ. “ಲೆಕ್ಕಾ ಇಡಾಕಿ ನೀನಽ ಏನವಾ?”

“ಹೌದ್ರಿ ಮಾವಾರ.”

“ಹಂಗಾರ ಆತು,” ಎಂದು ಅವನು ಕೈತೊಳೆಯಲು ಎದ್ದ.

ಎಂಬತ್ನಾಲ್ಕು ಕುರಿ ಹೀಗೆ ಒಂದು ಸಂಖ್ಯೆಯ ಮೇಲೆ ನಿಂತವು. ಯಲ್ಲಾಲಿಂಗ ಆ ದಿನ ಮನೆಯಲ್ಲಿರಲಿಲ್ಲ. ಮಳೆಯ ಜಿಗಿ ಕೆಸರಿನಿಂದ ಕುರಿ ಉಳಿಸಿಕೊಳ್ಳಲು ಒಣ ಸೀಮೆಯ ಕಡೆಗೆ ಹೋಗಿದ್ದ.

ಹದಿನೈದು ದಿನ ಕಳೆದ ಮೇಲೆ ಸಂಖ್ಯೆ ಮೂವತ್ತೆಂಟಾಯಿತು. ಆಗಸ್ಟಿನ ಮೊದಲ ವಾರಕ್ಕೆ ಮೂವತ್ತೊಂದು. ಮಾಳಿಂಗರಾಯ ಸಂತೆಯಿಂದ ಬಂದವನು ಹೆಂಡತಿಗೆ ಎಂದೂ ತರದ ಪೇಢಾ ತಂದ. ಆರ್ಡರು ಮಾತ್ರ ಹೆಚ್ಚಾಗಿರಲಿಲ್ಲ. ಅದರ ಬಗ್ಗೆ ಪೂನಮ್ ಕೇಳಿದಾಗ, ಥಂಡಿ ಬೀಳಲಿ, ಆಗ ನೋಡು ಎಂದು ಅವನು ನಕ್ಕ.

ರೇಷ್ಮಾ ನಗಲಿಲ್ಲ. ಒಂದು ಸೋಮವಾರ ಖಾಲಿ ಕುರಿದಡ್ಡಿಯಲ್ಲಿ ಉಳಿದಿದ್ದ ಹಳೆಯ ಗೊಬ್ಬರ ಬಳಿದು ಬಂದವಳು, ಕೈ ತೊಳೆಯದೆ ಬಾಗಿಲಲ್ಲೇ ನಿಂತಳು.

“ಅಕ್ಕಾ, ನಿನ್ನ ಡಬ್ಬಿ ನೋಡೂದು ಮುಗೀತಂದ್ರ ಹೇಳು. ನೀರ ಬಂದು ಹೋಗಾಕತ್ತಾವ, ಕೊಡ ಹಂಗ ಅದಾವ.”

“ಇನ್ನ ಮೂರ ಮಾತು ಉಳದಾವ. ಬಂದೆ.”

“ನಿಂದ ಮೂರ ಮಾತು. ನಂದು ಎಂಟ ಕೊಡಾ.” ರೇಷ್ಮಾ ಕೊಡ ಎತ್ತಿಕೊಂಡಳು. “ನೋಡು, ಛಲೋತ್ನ್ಯಾಗ ನೋಡು. ಕುರಿ ಹೋದ ಮ್ಯಾಲೆ ನನ್ನ ಗಂಡ ಭಾವನ ಅಂಗಡ್ಯಾಗ ಕಸಾ ಹೊಡೀತಾನ, ನಾ ನಿನ್ನ ಮನಿ ಕಸಾ ಹೊಡೀತೇನಿ. ಕಸಬರಿಗಿ ಎರಡ ತರಸು.”

ಸಿದ್ದಕ್ಕ ರಾಟಿಯ ಮುಂದಿನಿಂದ, ಸಾಕು ಬಿಡ್ರೇ, ಇಬ್ಬರೂ ಹೋಗಿ ತನ್ನಿ ಎಂದು ಗದರಿಸಿದಳು. ಪೂನಮ್ ಅವಸರದಲ್ಲಿ ಉಳಿದ ಮೂರನ್ನು ನೋಡಿದಳು. ಎರಡು ಮಾತಿಗೆ ಅವರ ಹೆಸರೇ ಸಿಗಲಿಲ್ಲ. ಅವಳು ಬಳಸುತ್ತಿದ್ದ ಸಾಧನ ಮೊದಲ ನೂರು ಹೆಸರುಗಳನ್ನಷ್ಟೇ ನೋಡುತ್ತಿತ್ತು. ನೂರರೊಳಗೆ ಇಲ್ಲದಿದ್ದರೆ ಸುಮ್ಮನೆ ಒಂದು ಗೆರೆ ತೋರಿಸುತ್ತಿತ್ತು.

ಹೀಗೆ ಗೆರೆ ಬಂದದ್ದು ಅದೇ ಮೊದಲಲ್ಲ. ಮೊದಲ ಸಲ ಬಂದಾಗ ಏನು ಬರೆಯಬೇಕೆಂದು ಅವಳು ತುಸು ಹೊತ್ತು ಯೋಚಿಸಿದ್ದುಂಟು. ಸೊನ್ನೆ ಬರೆದರೆ ಒಂದನೆಯ ಸ್ಥಾನಕ್ಕಿಂತ ಮೇಲೆ ಹೋದ ಹಾಗಾಗುತ್ತದೆ, ಅದು ಸುಳ್ಳು. ಇಲ್ಲದ್ದಕ್ಕೆ ಸಂಖ್ಯೆ ಎಲ್ಲಿಂದ ತರುವುದು? ಲ್ಯಾಪ್‌ಟಾಪಿನ ಲೆಕ್ಕದ ಹಾಳೆಯಲ್ಲಿ ಆ ಮಾತಿನ ಚೌಕವನ್ನು ಖಾಲಿ ಬಿಟ್ಟಳು. ಕರೆಂಟ್ ಹೋಗಿ ನೋಡಲಾಗದ ಮಾತಿನ ಚೌಕವನ್ನೂ ಖಾಲಿಯೇ ಬಿಡುತ್ತಿದ್ದಳು. ಕೆಳಗೆ ಸರಾಸರಿ ತಾನಾಗಿಯೇ ಬರುತ್ತಿತ್ತು. ಮನೆಯವರು ಕೇಳುತ್ತಿದ್ದುದು ಅದನ್ನೊಂದೇ. ದಿನಗಳೆದಂತೆ ಅವಳೂ ಅದನ್ನೊಂದೇ ನೋಡತೊಡಗಿದ್ದಳು.

ಸೆಪ್ಟೆಂಬರಿನ ಎರಡನೆಯ ಸೋಮವಾರ ಸರಾಸರಿ ಇಪ್ಪತ್ತು ಬಂತು.

ಮಾಳಿಂಗರಾಯ ಅರ್ಧ ರೊಟ್ಟಿ ಬಿಟ್ಟು ಎದ್ದು ಮುಧೋಳದ ಕುರಿ ವ್ಯಾಪಾರಿ ಗೂಳಪ್ಪನಿಗೆ ಫೋನ್ ಹಚ್ಚಿದ. ಶುಕ್ರವಾರ ಬರುತ್ತೇನೆಂದು ಗೂಳಪ್ಪ ಹೇಳಿದ. ತಮ್ಮನಿಗೂ ಹಿಂಡು ಹೊಡೆದುಕೊಂಡು ಬರಲು ಹೇಳಿದ್ದಾಯಿತು. ಗಿರಮಲ್ಲಪ್ಪ ಮಾತು ಕೊಟ್ಟವನು, ಬೇಡ ಅನ್ನುವಂತಿರಲಿಲ್ಲ. ಮಗ್ಗದ ಮೇಲೆ ಅರ್ಧ ನೇಯ್ದಿದ್ದ ಕಂಬಳಿಗೆ ಮಾತ್ರ ಆ ದಿನ ಕೈ ಹಚ್ಚಲಿಲ್ಲ. ಸಿದ್ದಕ್ಕ ಅವನ ತಾಟಿಗೆ ಹಾಕಿದ ಪುಂಡಿಪಲ್ಯ ಹಾಗೇ ತಣ್ಣಗಾಯಿತು.

ಬುಧವಾರ ಹೊತ್ತು ಇಳಿಯುವಾಗ ಹಿಂಡು ಬಂತು. ಯಲ್ಲಾಲಿಂಗ ಬಿಸಿಲಿಗೆ ಕಪ್ಪಿಟ್ಟು, ಗಡ್ಡ ಬಿಟ್ಟು, ಹೆಗಲ ಮೇಲೆ ಕುಂಟು ಮರಿಯೊಂದನ್ನು ಹೊತ್ತು ತಂದಿದ್ದ. ರೇಷ್ಮಾ ಅವನಿಗೆ ನೀರು ಕೊಟ್ಟವಳೇ ಒಳಗೆ ಹೋಗಿ ಒಲೆ ಹೊತ್ತಿಸಿದಳು. ಅವಳ ಕಣ್ಣು ಕೆಂಪಗಾದದ್ದಕ್ಕೆ ಹೊಗೆಯ ನೆಪ ಸಿಕ್ಕಿತು.

ಹಿಂಡು ಮರಳಿದಾಗ ಎಣಿಸುವ ಪದ್ಧತಿ ಆ ಮನೆಯಲ್ಲಿ ಹೀಗಿತ್ತು. ಹೋಗುವಾಗ ಕುರಿಗೊಂದರಂತೆ ಹರಳು ಎಣಿಸಿ ಒಂದು ಗಡಿಗೆಗೆ ಹಾಕಿಡುತ್ತಿದ್ದರು. ಬಂದಾಗ ದಡ್ಡಿಯ ಬಾಗಿಲಲ್ಲಿ ಒಂದೊಂದು ಕುರಿ ಒಳಗೆ ಹೋದ ಹಾಗೆ ಒಂದೊಂದು ಹರಳನ್ನು ಹೊರಗೆ ತೆಗೆಯಬೇಕು. ಹಾದಿಯಲ್ಲಿ ಸತ್ತ ಕುರಿಯ ಕಿವಿ ಕೊಯ್ದು ಒಣಗಿಸಿ ತರುವುದು ಕಾಯುವವನ ಕೆಲಸ. ಕಿವಿಗೊಂದು ಹರಳು ಬೇರೆ ತೆಗೆಯಬೇಕು. ಗಿರಮಲ್ಲಪ್ಪನ ಕಣ್ಣು ಸಂಜೆಗೆ ಮಂಜಾಗುತ್ತಿದ್ದುದರಿಂದ ಈ ಸಲ ಗಡಿಗೆ ಪೂನಮಳ ಕೈಗೆ ಬಂತು.

ಎಪ್ಪತ್ತೊಂಬತ್ತು ಕುರಿ ಒಳಗೆ ಹೋದವು. ಯಲ್ಲಾಲಿಂಗ ದಾರಕ್ಕೆ ಪೋಣಿಸಿದ್ದ ಮೂರು ಕಿವಿಗಳನ್ನು ತಂದೆಯ ಮುಂದಿಟ್ಟ. ಗಡಿಗೆಯಲ್ಲಿ ಎರಡು ಹರಳು ಉಳಿದವು. ಕೆಲಸ ಮುಗಿಯಿತೆಂದು ಪೂನಮ್ ಗಡಿಗೆ ಬೋರಲು ಹಾಕಿದಳು. ಹರಳು ಅಂಗಳದ ಮಣ್ಣಿಗೆ ಬಿದ್ದವು.

“ಎಷ್ಟವಾ ಹಿಂಡು?” ಎಂದ ಗಿರಮಲ್ಲಪ್ಪ.

“ಎಪ್ಪತ್ತೊಂಬತ್ರಿ.”

“ಬಂದವು ಎಪ್ಪತ್ತೊಂಬತ್ತು. ನಾ ಹಿಂಡು ಕೇಳಿದೆ.” ಅವನು ಕೈಕೋಲಿನಿಂದ ನೆಲ ತಡವರಿಸಿದ. “ಉಳದ ಹರಳು ಎಲ್ಲಿ ಒಗದಿ?”

ಪೂನಮ್ ಬಗ್ಗಿ ಹುಡುಕಿದಳು. ಎರಡೂ ಸಿಕ್ಕವು. ಅವನ್ನು ತಿರುಗಿ ಗಡಿಗೆಗೆ ಹಾಕಲು ಮಾವ ಹೇಳಿದ. ಕಿವಿ ಬಂದಿಲ್ಲ ಅಂದಮೇಲೆ ಅವು ಸತ್ತಿವೆ ಅನ್ನಲು ಬಾರದು, ಬಂದೂ ಇಲ್ಲ. ಇನ್ನೊಬ್ಬರ ಹಿಂಡಿನಲ್ಲಿ ಸೇರಿರಬಹುದು, ಕಬ್ಬಿನ ಗದ್ದೆ ಹೊಕ್ಕಿರಬಹುದು. ಗೊತ್ತಾಗುವ ತನಕ ಅವು ಗಡಿಗೆಯಲ್ಲಿರಬೇಕು.

“ಬಂದ ಕುರಿ ಅಷ್ಟ ಎಣಿಸಿದ್ರ ಯಾವ ವರ್ಷಾನೂ ನಮಗ ಲುಕ್ಸಾನ ಇಲ್ಲ ನೋಡು,” ಎಂದು ಅವನು ಸಮಾಧಾನದಿಂದಲೇ ಹೇಳಿದ. “ಕುಂಟೂದು, ಕೆಮ್ಮೂದು ಹಿಂದ ಉಳದು ಹೋಕ್ಕಾವ. ಮುಂದ ಬಂದವು ಎಲ್ಲಾ ಗಟ್ಟಿಮುಟ್ಟ. ನೋಡಾಂವ ಅಂತಾನ, ಗಿರಮಲ್ಲಪ್ಪನ ಹಿಂಡು ಹ್ವಾದ ವರ್ಷಕ್ಕಿಂತ ಛಲೋ ಆಗೇತಿ.”

ಯಲ್ಲಾಲಿಂಗ ನಕ್ಕ. ಪೂನಮ್ ಗಡಿಗೆಯನ್ನು ಅಲ್ಲೇ ಇಟ್ಟು, ಕೈಯ ಮಣ್ಣನ್ನೂ ಒರೆಸಿಕೊಳ್ಳದೆ ಒಳಗೆ ಹೋಗಿ ಲ್ಯಾಪ್‌ಟಾಪ್ ತೆರೆದಳು.

ಹನ್ನೆರಡರಲ್ಲಿ ಐದು ಚೌಕ ಖಾಲಿ ಇದ್ದವು. ಜೂನ್‌ನಲ್ಲಿ ಆ ಐದೂ ತುಂಬಿದ್ದವು. ಐವತ್ತೆರಡು, ಅರವತ್ತಾರು, ಎಪ್ಪತ್ತೊಂದು, ಎಂಬತ್ನಾಲ್ಕು, ತೊಂಬತ್ತೈದು. ಎಲ್ಲವೂ ಹಿಂದೆ ಇದ್ದಂಥವೇ. ಒಂದೊಂದಾಗಿ ನೂರರ ಆಚೆ ಜಾರಿದ್ದವು, ಜಾರಿದ ಕೂಡಲೇ ಲೆಕ್ಕದಿಂದಲೂ ಹೊರಗೆ ಬಿದ್ದಿದ್ದವು. ಉಳಿದ ಏಳನ್ನು ಜೂನ್ ತಿಂಗಳದ್ದರ ಪಕ್ಕ ಇಟ್ಟು ನೋಡಿದಳು. ನಾಲ್ಕು ಇದ್ದದ್ದು ಆರಾಗಿತ್ತು, ಒಂಬತ್ತು ಇದ್ದದ್ದು ಹನ್ನೆರಡು, ಇಪ್ಪತ್ತೆರಡು ಇದ್ದದ್ದು ಇಪ್ಪತ್ತೈದು. ಒಂದೇ ಒಂದು ಮಾತು ಕೂಡ ಮೇಲೆ ಬಂದಿರಲಿಲ್ಲ. ಖಾಲಿ ಇದ್ದ ಐದಕ್ಕೂ, ಕಡಿಮೆ ಎಂದರೂ ಇಷ್ಟು ಹಿಂದಿವೆ ಎಂದು ನೂರಾ ಒಂದು ತುಂಬಿದಳು. ಕೆಳಗಿನ ಸಂಖ್ಯೆ ಇಪ್ಪತ್ತರಿಂದ ಐವತ್ನಾಲ್ಕಕ್ಕೆ ಹಾರಿತು.

ಮೂರು ತಿಂಗಳಿಂದ ಅವರು ಕೆಳಗೆ ಹೋಗುತ್ತಿದ್ದರು. ಅವಳು ಮೇಲೆ ಹೋಗುತ್ತಿದ್ದೇವೆ ಎಂದು ಹೇಳುತ್ತಿದ್ದಳು.

ಆ ರಾತ್ರಿ ಊಟಕ್ಕೆ ಕೂತಾಗ ಅವಳು ರೊಟ್ಟಿ ಮುರಿದು ತಾಟಿನಲ್ಲೇ ಬಿಟ್ಟಳು. ಮಜ್ಜಿಗೆಯನ್ನಾದರೂ ಕುಡಿ ಎಂದು ಸಿದ್ದಕ್ಕ ಎರಡು ಸಲ ಹೇಳಿದಳು. ಹೇಳಿದರೆ ಗಂಡನ ಬೆನ್ನು ಹೋಗುತ್ತಿತ್ತು, ಹೇಳದಿದ್ದರೆ ಮೈದುನನ ಕುರಿ. ಎರಡೂ ಅವಳ ಬಾಯಿಯಲ್ಲಿದ್ದವು. ಮರುದಿನ ಬೆಳಿಗ್ಗೆ ಮಾಳಿಂಗರಾಯ ಹಿತ್ತಲಲ್ಲಿ ಕಂಬಳಿ ಬಿಸಿಲಿಗೆ ಹಾಕುತ್ತಿದ್ದಾಗ ಹೋಗಿ ಎಲ್ಲವನ್ನೂ ಹೇಳಿದಳು. ಮೊದಲು ಅವನಿಗೆ ತಿಳಿಯಲಿಲ್ಲ. ತಿಳಿದ ಮೇಲೆ ಕಂಬಳಿಯ ಸುಕ್ಕನ್ನು ಒಂದು ತುದಿಯಿಂದ ಇನ್ನೊಂದು ತುದಿಯ ತನಕ ತೀಡಿದ.

“ಶುಕ್ರವಾರ ತನಕ ಹಂಗ ಇರ್ಲಿ,” ಎಂದ ಕೊನೆಗೆ. “ಆಮ್ಯಾಲೆ ನಿನಗ ಬೇಕಾದ್ದ ತುಂಬ್ಕೋ.”

“ಆಮ್ಯಾಲೆ ಕುರಿ ಇರೂದಿಲ್ಲಲ್ರಿ.”

“ನನ್ನ ಬೆನ್ನೂ ಇರೂದಿಲ್ಲ.” ಅವನು ಅವಳ ಕಡೆ ತಿರುಗಲಿಲ್ಲ. “ಅಂಗಡಿ ಆತಂದ್ರ ಹೆಂಗರ ನಡೀತೈತಿ, ಪೂನಮ್. ಕೆಳಗ ಹ್ವಾದದ್ದು ಮ್ಯಾಲೂ ಬರ್ತೈತಿ. ನೀ ಶಾಣ್ಯಾಕಿ, ತರ್ತಿ. ಒಂದ ದಿವಸ ಬಾಯಿ ಮುಚ್ಚಿಕೊಂಡಿರು ಅಂದ್ರ ಆಗೂದಿಲ್ಲೇನು ನಿನ್ನ ಕಡೆ?”

ಅವನ ದನಿಯಲ್ಲಿ ಸಿಟ್ಟಿದ್ದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಅವಳು ಕಂಬಳಿಯ ಇನ್ನೊಂದು ತುದಿ ಹಿಡಿದು ಜಗ್ಗಿ ಕೊಟ್ಟು ಒಳಗೆ ಬಂದಳು.

ಶುಕ್ರವಾರ ಗೂಳಪ್ಪ ಬೆಳಿಗ್ಗೆಯೇ ಬಂದ. ದಡ್ಡಿಗೆ ಹೋಗಿ ನಾಲ್ಕಾರು ಕುರಿಗಳ ಬೆನ್ನು ಒತ್ತಿ ನೋಡಿ, ಪಡಸಾಲೆಯಲ್ಲಿ ಹಾಸಿದ ಕಂಬಳಿಯ ಮೇಲೆ ಕೂತು ಚಹಾ ಕುಡಿದ. ಒಳ್ಳೆಯ ಮಾತುಗಾರ. ಇಂಥ ಕುರಿ ಮಾರುವವರನ್ನೂ ಕಂಡಿಲ್ಲ, ಇಂಥ ಚಹಾ ಮಾಡುವವರನ್ನೂ ಕಂಡಿಲ್ಲ ಎಂದು ಸಿದ್ದಕ್ಕನನ್ನು ನಗಿಸಿದ. ಯಲ್ಲಾಲಿಂಗ ಹೊಸ್ತಿಲ ಹೊರಗೆ ಕೂತು ಕಡ್ಡಿಯಿಂದ ನೆಲ ಕೆದರುತ್ತಿದ್ದ. ದರದ ಮಾತು ಶುರುವಾಗುವ ಮೊದಲು ಗಿರಮಲ್ಲಪ್ಪ ಸೊಸೆಯನ್ನು ಕರೆದ. ಕೊಟ್ಟ ಮಾತು ಎಲ್ಲರೆದುರು ಪೂರೈಸಬೇಕೆಂಬುದು ಅವನ ರೀತಿ.

“ಮಾತು ಇಪ್ಪತ್ತಕ್ಕ ಇತ್ತು. ಎಷ್ಟ ಐತಿ, ಹೇಳವಾ.”

ಪೂನಮ್ ಗಂಡನ ಕಡೆ ನೋಡಲಿಲ್ಲ. ನೋಡಿದರೆ ಹೇಳುವುದಾಗುವುದಿಲ್ಲ ಎಂದು ಗೊತ್ತಿತ್ತು.

“ಐವತ್ನಾಲ್ಕ್ರಿ ಮಾವಾರ,” ಎಂದಳು.

ಅವಳು ನಿಂತಲ್ಲೇ ಹೇಳಿದಳು. ಇಪ್ಪತ್ತು ಎಂದು ಹೇಳಿದ್ದು ಬಂದ ಏಳು ಮಾತುಗಳ ಲೆಕ್ಕ, ಬರದ ಐದನ್ನು ತಾನು ಬಿಟ್ಟಿದ್ದೆ, ಆ ಐದು ಹಿಂದೆ ಬಿದ್ದದ್ದಕ್ಕೇ ಉಳಿದವು ಚೆನ್ನಾಗಿ ಕಂಡವು, ಖರೆ ನೋಡಿದರೆ ಎಲ್ಲವೂ ಇಳಿದಿವೆ, ತಪ್ಪು ತನ್ನದೇ.

ಗೂಳಪ್ಪ ಬಟ್ಟಲು ಕೆಳಗಿಟ್ಟ. “ನಾ ಕುರಿ ನೋಡಾಕ ಬಂದಿದ್ನಿ. ಇಲ್ಲಿ ಪರೀಕ್ಷಾ ರಿಸಲ್ಟ್ ನಡದಂಗೈತಿ.”

ಗಿರಮಲ್ಲಪ್ಪ ಮುಂದಕ್ಕೆ ಬಾಗಿ, ಸೊಸೆ ಹೇಳಿದ್ದನ್ನು ತನ್ನ ರೀತಿಯಲ್ಲಿ ತಿಳಿದುಕೊಳ್ಳುತ್ತಿದ್ದ. “ಆ ಐದು ಸತ್ತಾವೇನು, ತಪ್ಪಿಸ್ಕೊಂಡಾವೇನು?”

“ಗೊತ್ತಿಲ್ರಿ. ನೂರರ ಆಚೆ ನನಗ ಕಾಣೂದಿಲ್ಲ.”

“ಹಂಗಾರ ಕಾಣೂದಿಲ್ಲ ಅಂತ ಬರಿ. ಖಾಲಿ ಬಿಡಬ್ಯಾಡ.”

ಮಾಳಿಂಗರಾಯ ಎದ್ದು ನಿಂತ. ಈಗ ಗೂಳಪ್ಪ ಬಂದು ಕೂತಿದ್ದಾನೆ, ಸಂಖ್ಯೆ ಎಷ್ಟಾದರೂ ಇರಲಿ, ಯಾರ ಹೆಗಲ ಮೇಲೆ ಗಂಟಿದೆಯೋ ಅವನನ್ನೂ ಒಂದು ಮಾತು ಕೇಳಿ ಎಂದ. ತಮ್ಮನ ಸಲುವಾಗಿಯೂ ಹೇಳುತ್ತಿದ್ದೇನೆ, ಅವನೇನು ಕೊನೆಯ ತನಕ ಬಯಲಲ್ಲೇ ಮಲಗಬೇಕೇ ಎಂದ.

ಯಲ್ಲಾಲಿಂಗ ಕಡ್ಡಿ ಒಗೆದ. “ಅಣ್ಣಾ, ಮೂರ ತಿಂಗಳಾತು, ನನ್ನ ಯಾರೂ ಕೇಳಿಲ್ಲ. ಮನ್ಯಾಗ ಮಲಗೂ ಆಸೆ ನನಗೂ ಐತಿ, ಇಲ್ಲ ಅನ್ನೂದಿಲ್ಲ. ಆದ್ರ ಕುರಿ ಮಾರಿ ನಿನ್ನ ಅಂಗಡಿ ಗಲ್ಲೆ ಮುಂದ ಕೈಕಟ್ಟಿ ನಿಂದ್ರಾಕ ನನ್ನ ಕಡಿಂದ ಆಗೂದಿಲ್ಲ. ನಿನ್ನ ಬೆನ್ನಿಗಿ ಬೇಕಂದ್ರ ಸಂತಿ ದಿವಸ ನಾನೂ ಗಂಟು ಹೊರ್ತೇನಿ, ಊರಾಗ ಇದ್ದಾಗ.”

“ನೀ ಊರಾಗ ಇರೂದು ಯಾವಾಗೋ,” ಎಂದ ಮಾಳಿಂಗರಾಯ. ಹೊರಗೆ ನಡೆದುಬಿಟ್ಟ.

ಗೂಳಪ್ಪ ನಾಲ್ಕು ಮುದಿ ಟಗರುಗಳನ್ನು ಮಾತ್ರ ಕೊಂಡು ಹೋದ. ಉಳಿದ ಹಿಂಡು ದಡ್ಡಿಯಲ್ಲಿ ಉಳಿಯಿತು.

ಮಾಳಿಂಗರಾಯ ಹೆಂಡತಿಯ ಸಂಗಡ ಮಾತು ಬಿಟ್ಟ. ಊಟಕ್ಕೆ ಕೂತರೆ ತಾಯಿಯೇ ಬಡಿಸಬೇಕು. ಏನಾದರೂ ಬೇಕಾದರೆ ಗೋಡೆಗೆ ಹೇಳಿದಂತೆ ಹೇಳುತ್ತಿದ್ದ. ಸೋಮವಾರ ಬಂತು, ಅವನು ಸಂಖ್ಯೆ ಕೇಳಲಿಲ್ಲ. ಪೂನಮ್ ಆದರೂ ನಸುಕಿನಲ್ಲೆದ್ದು ಹನ್ನೆರಡನ್ನೂ ನೋಡಿದಳು. ಸಿಕ್ಕವುಗಳ ಮುಂದೆ ಸಂಖ್ಯೆ ಬರೆದಳು, ಸಿಗದವುಗಳ ಮುಂದೆ ‘ನೂರರ ಆಚೆ’ ಎಂದು ಬರೆದು ಸರಾಸರಿಗೆ ನೂರಾ ಒಂದು ಹಿಡಿದಳು. ನೆಟ್ ಹೋಗಿ ನೋಡಲಾಗದ ಒಂದರ ಮುಂದೆ ‘ನೋಡಿಲ್ಲ’ ಎಂದು ಬೇರೆಯೇ ಬರೆದಳು. ಅಂಗಳದಲ್ಲಿ ಕಸಬರಿಗೆಯ ಸಪ್ಪಳ ಆ ದಿನ ಮೆಲ್ಲಗಿತ್ತು. ರೇಷ್ಮಾ ಒಳಗೆ ಬಂದು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತಳು.

“ಅಕ್ಕಾ, ನನ್ನ ಗಂಡನ ಸಲುವಾಗಿ ಹೇಳಿದೇನು ಅವತ್ತ?”

“ಇಲ್ಲ,” ಎಂದಳು ಪೂನಮ್. “ಲೆಕ್ಕಾ ನಂದಿತ್ತು, ಅದಕ್ಕ.”

ರೇಷ್ಮಾ ಲ್ಯಾಪ್‌ಟಾಪಿನ ಕಡೆ ಬಗ್ಗಿ, ಹಾಗಾದರೆ ಬಾಣಂತಿ ಕಂಬಳಿಯ ಬಗ್ಗೆ ಅಲ್ಲಿ ಏನು ಬರೆದಿದ್ದೀ, ಓದಿ ಹೇಳು ಎಂದಳು. ಓದಿದ್ದನ್ನು ಕೇಳಿ, ಇದರಲ್ಲಿ ಏನೂ ಇಲ್ಲ, ಹೊಸ ಕಂಬಳಿ ಚುಚ್ಚುತ್ತದೆ, ಮೇಲೆ ಹಳೆಯ ಧೋತರ ಹಾಸಬೇಕು ಅನ್ನುವುದನ್ನೂ ಬರೆದಿಲ್ಲ ಎಂದು ಬೈದಳು. ಪೂನಮ್ ಅದನ್ನು ಬರೆದುಕೊಂಡಳು.

ಮುಧೋಳ ಸಂತೆಯ ದಿನ ಮಾಳಿಂಗರಾಯ ಎಂದಿನಂತೆ ಹನ್ನೆರಡು ಕಂಬಳಿ ಗಂಟು ಕಟ್ಟಿಟ್ಟು ಸ್ನಾನಕ್ಕೆ ಹೋದ. ಬಂದು ನೋಡಿದರೆ ಅಲ್ಲಿ ಎರಡು ಗಂಟುಗಳಿದ್ದವು. ಪೂನಮ್ ಅಡಿಗೆ ಮುಗಿಸಿ, ಹೊರಗೆ ಹೋಗುವಾಗಿನ ಸೀರೆ ಉಟ್ಟು, ಬುತ್ತಿ ಕಟ್ಟಿಕೊಂಡು ಬಾಗಿಲ ಹತ್ತಿರ ನಿಂತಿದ್ದಳು. ಸೊಸೆಯಂದಿರು ಗಂಟು ಹೊತ್ತು ಸಂತೆಗೆ ಹೋದದ್ದು ಆ ಮನೆಯಲ್ಲಿ ಇರಲಿಲ್ಲ. ಸಿದ್ದಕ್ಕ ಏನೋ ಹೇಳಲು ಬಾಯಿ ತೆರೆದಳು. ಗಿರಮಲ್ಲಪ್ಪ ಮಗ್ಗದಿಂದ, ಹೋಗಲಿ ಬಿಡು ಎಂದ.

ಮಾಳಿಂಗರಾಯ ಒಂದು ಗಂಟು ಎತ್ತಿ ನಡೆದ. ಅವಳು ಇನ್ನೊಂದನ್ನು ಎತ್ತಿದಳು. ಆರೇ ಕಂಬಳಿ, ಆದರೂ ಹೆಗಲು ಒತ್ತಿತು. ಬಸ್ ಸ್ಟ್ಯಾಂಡಿನ ತನಕ ಅವನು ಹತ್ತು ಹೆಜ್ಜೆ ಮುಂದೆಯೇ ಇದ್ದ. ಎರಡು ಕಡೆ ನಿಂತು ಬೆನ್ನ ಮೇಲೆ ಕೈ ಇಟ್ಟುಕೊಂಡ, ಹಿಂದೆ ನೋಡಲಿಲ್ಲ. ಬಸ್ಸಿನಲ್ಲಿ ಮೂರು ಜನರ ಸೀಟಿನ ಕಿಟಕಿಯ ಬದಿಗೆ ಕೂತು ಹೊರಗೆ ಮುಖ ಮಾಡಿದ. ಅವಳು ಸೀಟಿನ ಈಚೆಯ ತುದಿಗೆ ಕೂತಳು. ಗಂಟುಗಳೆರಡೂ ನಡುವೆ.

ಕಂಡಕ್ಟರ್ ಬಂದ. ಅವನು ಮಾಳಿಂಗರಾಯನನ್ನು ವರ್ಷಗಟ್ಟಲೆ ಬಲ್ಲವನು.

“ಒಂದು ಮುಧೋಳ, ಹೌದಲ್ಲೋ?” ಎಂದು ಟಿಕೆಟ್ ಕೊಡಲು ಹೋದ.

“ಎರಡು,” ಎಂದ ಮಾಳಿಂಗರಾಯ. ಗಂಟುಗಳನ್ನು ಎತ್ತಿ ಕಾಲ ಬಳಿ ಇಟ್ಟುಕೊಂಡು ಹೆಂಡತಿಗೆ ಹೇಳಿದ, “ಸರದು ಕೂಡು, ಅಲ್ಲಿ ಬಿಸಲ ಬೀಳ್ತೈತಿ.”